ಬೂಟು ಕಾಯುವವನು ಮೇಲೆ ಹತ್ತಿದ್ದು

ವಿಮಾನ ತಪ್ಪಿಹೋಗಬಹುದಿತ್ತು. ತಪ್ಪದೆ ಸಿಕ್ಕಿದ್ದರೂ ನಾವು ಬೆಲೀಜಿನಲ್ಲಿ ಇಳಿದು, ನಮ್ಮ ಪೆಟ್ಟಿಗೆಗಳು ಬ್ರೆಜಿಲಿನಲ್ಲಿ ಇಳಿಯಬಹುದಿತ್ತು. ನನ್ನ ಹೆಂಡತಿ ವೀಣಾ ಬಟ್ಟೆಯ ನಡುವೆ ಬಚ್ಚಿಟ್ಟ ಚಟ್ನಿಪುಡಿಯನ್ನು ನೋಡಿ ಕಸ್ಟಮ್ಸಿನವರು ನಮ್ಮನ್ನು ಪಕ್ಕದ ಕೋಣೆಗೆ ಕರೆಯಬಹುದಿತ್ತು. ಸೊಳ್ಳೆಯಿಂದ ಜ್ವರ, ನೀರಿನಿಂದ ಹೊಟ್ಟೆ, ಬಿಸಿಲಿನಿಂದ ತಲೆ, ಮೆಟ್ಟಿಲಿನಿಂದ ಮಂಡಿ, ಹೀಗೆ ದೇಹದ ಒಂದೊಂದು ಭಾಗ ಒಂದೊಂದು ಕಾರಣಕ್ಕೆ ಕೈಕೊಡಬಹುದಿತ್ತು. ಕಾಡಿನಲ್ಲಿ ಹಾವು ಬರಬಹುದಿತ್ತು. ಹಾವು ರಜೆಯಲ್ಲಿದ್ದರೆ ಚೇಳು ಬರಬಹುದಿತ್ತು. ಸಾವಿರಾರು ವರ್ಷ ಅಲ್ಲಾಡದೆ ಕೂತ ಕಲ್ಲು, ನಾನು ಕಾಲಿಟ್ಟ ದಿನವೇ ಅಲ್ಲಾಡಬಹುದಿತ್ತು. ಇತ್ತ ನೆದರ್‌ಲ್ಯಾಂಡ್ಸಿನ ವೆಲ್ಡ್‌ಹೋವನ್ನಿನಲ್ಲಿರುವ ನಮ್ಮ ಮನೆಯ ಅಟ್ಟದಲ್ಲಿ, ನಾನು ತಿರುಗಿಸಿದೆನೋ ಇಲ್ಲವೋ ನೆನಪಿಲ್ಲದ ವಾಷಿಂಗ್ ಮಷೀನಿನ ನಲ್ಲಿಯಿಂದ ನೀರು ಸೋರಿ, ಎರಡು ಮಹಡಿ ಇಳಿದು, ಪಕ್ಕದ ಮನೆಯ ಅಜ್ಜಿಯ ಹೊಸ ಕಾರ್ಪೆಟ್ಟಿನವರೆಗೆ ಹರಿಯಬಹುದಿತ್ತು.

ಇವು ಯಾವುದೂ ಆಗಲಿಲ್ಲ. ಆದರೂ ಆಗಿಬಿಟ್ಟವೇನೋ ಎಂಬಷ್ಟು ಸುಸ್ತು ನನಗೆ ಹೊರಡುವ ಮೊದಲೇ ಆಗಿತ್ತು.

ನನ್ನ ಈ ಸ್ವಭಾವವನ್ನು ದಯವಿಟ್ಟು ಕಾಯಿಲೆ ಎಂದುಕೊಳ್ಳಬೇಡಿ. ಇದು ನನ್ನ ಉದ್ಯೋಗ. ಚಿಪ್ ತಯಾರಿಸುವ ದೊಡ್ಡ ದೊಡ್ಡ ಯಂತ್ರಗಳಲ್ಲಿ ಏನೇನು ಕೆಡಬಹುದು, ಕೆಟ್ಟರೆ ಏನಾಗಬಹುದು ಎಂದು ಅವು ಕೆಡುವ ಮೊದಲೇ ಕೂತು ಪಟ್ಟಿ ಮಾಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಮೈಸೂರಿನಲ್ಲಿದ್ದಾಗ ಇದೇ ಕೆಲಸವನ್ನು ನಾನು ಮನೆಯಲ್ಲಿ ಬಿಟ್ಟಿಯಾಗಿ ಮಾಡುತ್ತಿದ್ದೆ, ಬೈಸಿಕೊಳ್ಳುತ್ತಲೂ ಇದ್ದೆ. ಇಷ್ಟು ವರ್ಷಗಳ ಅನುಭವದಿಂದ ನಾನು ಕಂಡುಕೊಂಡ ಸಿದ್ಧಾಂತ ಇಷ್ಟೇ: ನಾನು ಮೊದಲೇ ಚಿಂತಿಸಿದ್ದು ಯಾವತ್ತೂ ಆಗುವುದಿಲ್ಲ. ಆದ್ದರಿಂದ ಆಗಬಾರದ್ದನ್ನೆಲ್ಲ ಒಂದೂ ಬಿಡದೆ ಚಿಂತಿಸಿ ಮುಗಿಸಿಬಿಡಬೇಕು. ನಮ್ಮ ಸಂಸಾರ ಇವತ್ತಿಗೂ ಕೈಕಾಲು ನೆಟ್ಟಗಿಟ್ಟುಕೊಂಡು ಓಡಾಡುತ್ತಿದ್ದರೆ ಅದರ ಹಿಂದೆ ನನ್ನ ಪರಿಶ್ರಮವಿದೆ. ಇದನ್ನು ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. "ನಿಮ್ಮ ತಲೆ ಕೆಡೋದನ್ನ ಮಾತ್ರ ಪಟ್ಟಿಗೆ ಹಾಕಿಲ್ಲ ನೋಡಿ" ಎನ್ನುತ್ತಾಳೆ ವೀಣಾ.

ಮಧ್ಯ ಅಮೆರಿಕದ ಬೆಲೀಜಿನ ಕಾಡಿನಲ್ಲಿರುವ ಮಾಯಾ ಜನರ ಹಳೆಯ ದೇವಸ್ಥಾನ ಹತ್ತಬೇಕೆಂದು ಹಟ ಹಿಡಿದವಳು ನಮ್ಮ ಮಗಳು ಇಂಚರ. ಹದಿನೈದು ವರ್ಷ. ಶಾಲೆಯಲ್ಲಿ ಮಾಯಾ ಜನರ ಬಗ್ಗೆ ಬರೆದು, ಕ್ಲಾಸಿನ ಮುಂದೆ ಡಚ್ಚಿನಲ್ಲಿ ಭಾಷಣ ಮಾಡಿ ಬಂದಿದ್ದಳು. ಒಂದು ಸಂಜೆ ಊಟದ ಮೇಜಿನಲ್ಲಿ ಎರಡು ಘೋಷಣೆ ಮಾಡಿದಳು. ಮೊದಲನೆಯದು, ಬರುವ ವರ್ಷದಿಂದ ರಜೆಗೆ ತಾನು ಗೆಳತಿಯರ ಜೊತೆ ಹೋಗುವುದಾಗಿಯೂ, ಅಪ್ಪ ಅಮ್ಮನ ಜೊತೆಗಿನ ಕೊನೆಯ ಪ್ರವಾಸ ಇದೇ ಎಂದೂ. ಎರಡನೆಯದು, "ಈ ಸಲ ಅಪ್ಪ ಮೇಲೆ ಹತ್ತಬೇಕು. ಬ್ಯಾಗ್ ಹಿಡ್ಕೊಂಡು ಕೆಳಗೆ ನಿಲ್ಲೋ ಹಾಗಿಲ್ಲ. ತ್ರೀ ಆಫ್ ಅಸ್, ಒನ್ ಫೋಟೋ, ಆನ್ ದ ಟಾಪ್. ಡೀಲ್?"

ನಾನು ಡೀಲ್ ಎಂದೆ. ಎಂದ ಮೇಲೆ ಎದ್ದು ಹೋಗಿ ಹಿತ್ತಲ ಬಾಗಿಲು ಹಾಕಿದೆಯೇ ನೋಡಿ ಬಂದೆ.

ಅವಳು ಹಾಗೆ ಹೇಳಿದ್ದಕ್ಕೆ ಕಾರಣ ನಮ್ಮ ಹಜಾರದ ಗೋಡೆಯ ಮೇಲಿದೆ. ಅಲ್ಲಿ ನಾವು ಹೋದ ಊರುಗಳ ಫೋಟೋಗಳಿವೆ. ಗೋಪುರದ ತುದಿಯಲ್ಲಿ ವೀಣಾ, ಇಂಚರ. ದೀಪಸ್ತಂಭದ ತುದಿಯಲ್ಲಿ ವೀಣಾ, ಇಂಚರ. ಹಿಮದ ಬೆಟ್ಟದ ಮೇಲೆ ಇಂಚರ, ವೀಣಾ. ನನ್ನ ಸಹೋದ್ಯೋಗಿ ಯೂಸ್ಟ್ ಮೊದಲ ಸಲ ನಮ್ಮ ಮನೆಗೆ ಬಂದವನು ಆ ಗೋಡೆಯನ್ನು ಬಹಳ ಹೊತ್ತು ನೋಡಿ, ದನಿ ತಗ್ಗಿಸಿ, "ನಿಮ್ಮಿಬ್ಬರ ಮದುವೆ ಇತ್ತೀಚೆಗೆ ಆಯಿತಾ?" ಎಂದು ಕೇಳಿದ. ಈ ಊರಿನವರು ಹಾಗೆಯೇ, ಕೇಳಬೇಕೆನಿಸಿದ್ದನ್ನು ಕೇಳಿಬಿಡುತ್ತಾರೆ. ಅಲ್ಲ ಮಾರಾಯ, ಆ ಎಲ್ಲ ಫೋಟೋಗಳಲ್ಲೂ ನಾನಿದ್ದೇನೆ, ಕೆಳಗೆ, ಬ್ಯಾಗುಗಳ ಪಕ್ಕದಲ್ಲಿ, ಚೌಕಟ್ಟಿನಿಂದ ಸ್ವಲ್ಪ ಹೊರಗೆ ಎಂದು ವಿವರಿಸಬೇಕಾಯಿತು.

ನನಗೆ ಎತ್ತರದ ಭಯವಿಲ್ಲ. ನಾನು ಎತ್ತರದಲ್ಲಿದ್ದಾಗ ಕೆಳಗೆ ಏನಾಗುತ್ತಿದೆಯೋ ಎಂಬ ಭಯ ಅಷ್ಟೇ. ಅದಕ್ಕೊಂದು ಇತಿಹಾಸವಿದೆ. ನಾನು ಹತ್ತು ವರ್ಷದವನಿದ್ದಾಗ ನಮ್ಮ ಮನೆಮಂದಿಯೆಲ್ಲ ಶ್ರವಣಬೆಳಗೊಳಕ್ಕೆ ಹೋಗಿದ್ದೆವು. ಬೆಟ್ಟದ ಬುಡದಲ್ಲಿ ಎಲ್ಲರೂ ಚಪ್ಪಲಿ ಬಿಟ್ಟರು. ನಮ್ಮ ಸೋದರತ್ತೆ ಆಗಷ್ಟೇ ಹೊಸ ಚಪ್ಪಲಿ ಕೊಂಡಿದ್ದರು. ಅದನ್ನು ನೋಡಿ, ಆಮೇಲೆ ನನ್ನನ್ನು ನೋಡಿ, "ಇವನು ಇಲ್ಲೇ ಕೂತಿರಲಿ ಕಣೋ ಅಣ್ಣ, ಜಾಣ, ಎಲ್ಲೂ ಹೋಗಲ್ಲ" ಎಂದರು. ಹನ್ನೊಂದು ಜೊತೆ ಚಪ್ಪಲಿಗಳ ನಡುವೆ ನಾನು ಎರಡು ಗಂಟೆ ಕೂತೆ. ಒಂದು ಜೊತೆಯೂ ಹೋಗಲಿಲ್ಲ. ಅಷ್ಟಕ್ಕೆ ನನ್ನ ಹಣೆಬರಹ ನಿರ್ಧಾರವಾಯಿತು. ನಂಜನಗೂಡಾಗಲಿ, ಚಾಮುಂಡಿ ಬೆಟ್ಟವಾಗಲಿ, ಯಾರದೋ ಮದುವೆಯ ಛತ್ರವಾಗಲಿ, ಚಪ್ಪಲಿಗೆ ನಾನೇ ಗತಿ ಎಂದಾಯಿತು. ಗೊಮ್ಮಟನ ತಲೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆಯೇ ಹೊರತು ಪಾದವನ್ನು ಇವತ್ತಿಗೂ ನೋಡಿಲ್ಲ. ಆದರೆ ಅವನ ಬೆಟ್ಟದ ಕೆಳಗಿನ ಚಪ್ಪಲಿಗಳನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಇರಲಾರರು.

ಇರಲಿ. ಡೀಲ್ ಎಂದಾಗಿತ್ತು. ಹತ್ತುವ ಅಭ್ಯಾಸ ಮಾಡಬೇಕಲ್ಲ? ನೆದರ್‌ಲ್ಯಾಂಡ್ಸಿನಲ್ಲಿ ಎಲ್ಲಿಗೆಂದು ಹೋಗಿ ಹತ್ತುವುದು? ನಾನು ಆಫೀಸಿಗೆ ಸೈಕಲ್ಲಿನಲ್ಲಿ ಹೋಗುವ ದಾರಿಯಲ್ಲಿ ಹೆದ್ದಾರಿಯನ್ನು ದಾಟುವ ಒಂದು ಸಣ್ಣ ಸೇತುವೆಯಿದೆ. ಅದನ್ನು ಬಿಟ್ಟರೆ ಮನೆಯಿಂದ ಆಫೀಸಿನವರೆಗೆ ನೆಲ ದೋಸೆಕಲ್ಲಿನ ಹಾಗಿದೆ. ಮಂಡಿ ಬೇರೆ ಆಗಾಗ ಕಟಕಟ ಎನ್ನುತ್ತಿತ್ತು, ಬಲಗಾಲಿನದು. ಡಾಕ್ಟರಿಗೆ ತೋರಿಸಿದೆ. ಆಕೆ ನನ್ನ ಮಂಡಿಯನ್ನು ಎರಡು ಸಲ ಮಡಚಿ ಬಿಡಿಸಿ, ಈ ದೇಶದ ಸಕಲ ರೋಗಕ್ಕೂ ಮದ್ದಾದ ಪ್ಯಾರಾಸಿಟಮಾಲ್ ಹೇಳಿ, "ನಿಮ್ಮ ಮನೆಯಲ್ಲಿ ವಾಷಿಂಗ್ ಮಷೀನ್ ಎಲ್ಲಿದೆ?" ಎಂದು ಕೇಳಿದರು. ಅಟ್ಟದಲ್ಲಿ ಎಂದೆ. "ಹಾಗಾದರೆ ಯಾವ ದೇವಸ್ಥಾನ ಬೇಕಾದರೂ ಹತ್ತುತ್ತೀರಿ, ಹೋಗಿ ಬನ್ನಿ."

ಅವರು ತಮಾಷೆ ಮಾಡಲಿಲ್ಲ. ಇಲ್ಲಿಯವರು ನೆಲವನ್ನು ಎಷ್ಟು ಚಪ್ಪಟೆಯಾಗಿ ಇಟ್ಟುಕೊಂಡಿದ್ದಾರೋ, ಮನೆಯೊಳಗಿನ ಮೆಟ್ಟಿಲನ್ನು ಅಷ್ಟೇ ಕಡಿದಾಗಿ ಕಟ್ಟುತ್ತಾರೆ. ನಮ್ಮ ಮನೆಯ ಮೆಟ್ಟಿಲು ಏಣಿಗೆ ಒಂದೇ ಒಂದು ಡಿಗ್ರಿ ಕಡಿಮೆ. ಒಂದೊಂದು ಮೆಟ್ಟಿಲಿನ ಮೇಲೂ ಅರ್ಧ ಪಾದ ಹಿಡಿಯುತ್ತದೆ, ಇನ್ನರ್ಧ ಗಾಳಿಯಲ್ಲಿರುತ್ತದೆ. ಇಂಥದ್ದರ ತುತ್ತತುದಿಯಲ್ಲಿ ವಾಷಿಂಗ್ ಮಷೀನ್ ಇಡುತ್ತಾರೆ. ಏಳು ವರ್ಷಗಳಿಂದ ನಾನು ವಾರಕ್ಕೆ ಮೂರು ಸಲ ಒಗೆದ ಬಟ್ಟೆಯ ಬುಟ್ಟಿಯನ್ನು ಎದೆಗವಚಿಕೊಂಡು, ಬೆನ್ನು ಹೊರಗೆ ಮಾಡಿ, ಹಿಮ್ಮುಖವಾಗಿ, ಕಾಲಿನಿಂದ ಮೆಟ್ಟಿಲನ್ನು ತಡವುತ್ತಾ ಇಳಿದು ಬರುತ್ತಿದ್ದೇನೆ. ಮಾಯಾ ಜನರು ಪಿರಮಿಡ್ಡಿನ ತುದಿಯಲ್ಲಿ ಏನಿಟ್ಟಿದ್ದರೋ ನನಗೆ ಗೊತ್ತಿಲ್ಲ. ವಾಷಿಂಗ್ ಮಷೀನಿಗಿಂತ ಭಾರದ್ದಂತೂ ಇರಲಾರದು.

ಮೇ ತಿಂಗಳ ರಜೆಯಲ್ಲಿ ಹೊರಟೆವು. ಆ ದೇವಸ್ಥಾನದ ಹೆಸರನ್ನು ಹೇಳಲು ಹೋದರೆ ನನ್ನ ನಾಲಿಗೆ ಎರಡನೇ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತದೆ, ಇಂಚರ ನಗುತ್ತಾಳೆ, ಆದ್ದರಿಂದ ಹೇಳುವುದಿಲ್ಲ. ಅಲ್ಲಿಗೆ ಹೋಗಲು ಒಂದು ಹೊಳೆ ದಾಟಬೇಕು. ಮೋಟರಿಲ್ಲದ ಕಬ್ಬಿಣದ ದೋಣಿ. ಒಬ್ಬ ಮನುಷ್ಯ ಕೈಯಿಂದ ರಾಟೆ ತಿರುಗಿಸಿದರೆ ದಪ್ಪ ತಂತಿಯನ್ನು ಹಿಡಿದುಕೊಂಡು ನಿಧಾನವಾಗಿ ಆಚೆ ದಡಕ್ಕೆ ಸರಿಯುತ್ತದೆ. ತಂತಿ ತುಂಡಾದರೆ ಏನಾಗುತ್ತದೆಂದು ನಾನು ಕೇಳಿದೆ. "ಇನ್ನೊಂದು ತಂತಿ ತರುತ್ತೇವೆ" ಎಂದ ಅವನು. ನನ್ನ ಕೆಲಸದಲ್ಲಿ ಇದೇ ಉತ್ತರಕ್ಕೆ ನಾವು ನಾಲ್ಕು ಮೀಟಿಂಗ್ ಮಾಡುತ್ತೇವೆ.

ನಮ್ಮ ಗೈಡ್ ಎಲ್ಮರ್, ಅರವತ್ತು ದಾಟಿದವರು, ತೆಳ್ಳಗೆ, ಬೆನ್ನು ನೆಟ್ಟಗೆ. ತಾನೂ ಮಾಯಾ ಮನೆತನದವನೇ ಎಂದು ಮೊದಲೇ ಹೇಳಿದರು. "ನಾವು ಎಲ್ಲೂ ಮಾಯವಾಗಿಲ್ಲ. ಪುಸ್ತಕ ಬರೆದವರು ನಮ್ಮ ಮನೆ ಕಡೆ ಬರಲಿಲ್ಲ, ಅಷ್ಟೇ." ಇಂಚರ ತನ್ನ ಭಾಷಣದಲ್ಲಿ ಮಾಯಾ ಜನ ಮಾಯವಾದರು ಎಂದೇ ಹೇಳಿ ಬಂದಿದ್ದಳಂತೆ. ಕಿವಿ ಕೆಂಪಗೆ ಮಾಡಿಕೊಂಡಳು. ಅವರ ಹಿಂದೆ ಮರಗಳ ನಡುವಿನ ದಾರಿಯಲ್ಲಿ ಏರಿ, ದೊಡ್ಡ ಹುಲ್ಲಿನ ಬಯಲಿಗೆ ಬಂದು ತಲೆಯೆತ್ತಿದರೆ, ಎದುರಿಗೆ ಅದು. ಬೂದುಬಣ್ಣದ ಕಲ್ಲು, ಅಗಲದ ಮೆಟ್ಟಿಲು, ಮೇಲೆ ಮತ್ತೊಂದು ಜಗಲಿ, ಮತ್ತೆ ಮೆಟ್ಟಿಲು, ತುದಿಯಲ್ಲಿ ಗರ್ಭಗುಡಿಯಂಥ ಒಂದು ಕೋಣೆ. ಎಲ್ಮರ್ ವಿವರಿಸುತ್ತಿದ್ದರು. ನಾನು ಗಮನಕೊಟ್ಟು ಕೇಳುತ್ತಿದ್ದೆ. ಕೇಳುತ್ತಲೇ ಎಡಗಾಲಿನ ತುದಿಯಿಂದ ಬಲಗಾಲಿನ ಹಿಮ್ಮಡಿಯನ್ನು ಒತ್ತಿ, ಬೂಟು ಕಳಚಿ, ಆಮೇಲೆ ಬಲಗಾಲಿನಿಂದ ಎಡಗಾಲಿನದನ್ನೂ ಕಳಚಿ, ಎರಡನ್ನೂ ಜೋಡಿಸಿ ಪಕ್ಕಕ್ಕೆ ಸರಿಸಿ, ಮೊದಲ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ.

"ಅಪ್ಪ!" ಎಂದಳು ಇಂಚರ, ಹಲ್ಲು ಕಚ್ಚಿ. "ವಾಟ್ ಆರ್ ಯೂ ಡೂಯಿಂಗ್? ಜನ ನೋಡ್ತಿದ್ದಾರೆ!"

ಆಗ ನನಗೆ ಎಚ್ಚರವಾಯಿತು. ಕಾಲಲ್ಲಿ ಬರೀ ಕಾಲುಚೀಲ. ಅಲ್ಲಿ ಬೂಟು ಬಿಡಬೇಕೆಂದು ಯಾರೂ ಹೇಳಿರಲಿಲ್ಲ, ಎಲ್ಲೂ ಬರೆದೂ ಇರಲಿಲ್ಲ. ಕಲ್ಲಿನ ಮೆಟ್ಟಿಲು, ಮೇಲೊಂದು ಗುಡಿ; ಕಾಲಿಗೆ ಅಷ್ಟು ಸಾಕಾಗಿತ್ತು, ತಲೆಯನ್ನು ಕೇಳಲೇ ಇಲ್ಲ. ಸಹಾಯಕ್ಕೆ ವೀಣಾಳ ಕಡೆ ತಿರುಗಿದೆ. ಅವಳು ತನ್ನ ಬೂಟುಗಳನ್ನು ನನ್ನ ಬೂಟಿನ ಪಕ್ಕದಲ್ಲಿ ನೀಟಾಗಿ ಜೋಡಿಸುತ್ತಿದ್ದಳು.

"ಅಮ್ಮ, ಯೂ ಟೂ?"

"ದೇವಸ್ಥಾನ ಅಂತ ನೀನೇ ತಾನೆ ಹೇಳಿದ್ದು? ಬೂಟು ಹಾಕ್ಕೊಂಡು ಹೋಗ್ತಾರೇನೇ?" ಎಂದಳು ವೀಣಾ. "ಯಾರ ದೇವರಾದ್ರೇನು, ದೇವರು ದೇವರೇ. ಬಿಡು ಬೂಟು."

ಎಲ್ಮರ್ ನಮ್ಮ ಕಾಲುಗಳನ್ನೇ ನೋಡುತ್ತಾ ನಿಂತರು. ಬೈಯುತ್ತಾರೇನೋ ಎಂದು ನಾನು ಕ್ಷಮೆಯ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. "ಇಷ್ಟು ವರ್ಷದಿಂದ ಜನರನ್ನು ಕರೆದುಕೊಂಡು ಬರುತ್ತಿದ್ದೇನೆ" ಎಂದರು ಅವರು ನಿಧಾನವಾಗಿ. "ಮೇಲೆ ನಿಂತು ಕುಣಿದವರಿದ್ದಾರೆ, ಕೂಗಿದವರಿದ್ದಾರೆ. ಬೂಟು ಬಿಟ್ಟವರು ನೀವೇ ಮೊದಲು." ಅಷ್ಟು ಹೇಳಿ ತಮ್ಮ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಇಂಚರ ಬಗ್ಗಿ ಲೇಸು ಬಿಚ್ಚಿದಳು.

ಈಗ ಹುಟ್ಟಿತು ನೋಡಿ ಹಳೆಯ ಪ್ರಶ್ನೆ. ಮೂರು ಜೊತೆ ಬೂಟು, ತೆರೆದ ಬಯಲು. ಹೊಳೆ ದಾಟಿ ಇನ್ನೊಂದು ಗುಂಪು ಬರುವ ಸದ್ದು ಬೇರೆ ಕೇಳುತ್ತಿತ್ತು. ನನ್ನ ಬೂಟುಗಳು ಹೊಸವು. ನಮ್ಮ ಪಕ್ಕದ ಊರಾದ ಐಂಡ್‌ಹೋವನ್ನಿನ ಒಂದು ಅಂಗಡಿಯಲ್ಲಿ ರಿಯಾಯಿತಿ ನಡೆದಾಗ ಕೊಂಡ ಕಂದು ಬಣ್ಣದ ಚಾರಣದ ಬೂಟು. ನಾನು ಆ ಮಾತನ್ನು ಆಡಬೇಕೆಂದು ಆಡಲಿಲ್ಲ, ನಾಲ್ಕು ದಶಕಗಳ ಅಭ್ಯಾಸ ಆಡಿಸಿತು. "ಒಂದು ಕೆಲಸ ಮಾಡಿ, ನೀವಿಬ್ಬರೂ ಹತ್ತಿ ಬನ್ನಿ. ನಾನು ಇಲ್ಲೇ ಬೂಟು ನೋಡ್ಕೋತಿರ್ತೀನಿ."

ವೀಣಾ ಆಕಾಶ ನೋಡಿದಳು. ಇಂಚರ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ, ಸಿಟ್ಟಾಗಲಿಲ್ಲ. ನನ್ನನ್ನೂ ಬೂಟುಗಳನ್ನೂ ಒಮ್ಮೆ ನೋಡಿ, ಗೊತ್ತಿತ್ತು ಎನ್ನುವ ಹಾಗೆ ತಲೆಯಾಡಿಸಿದಳು. ಅವಳು ತಲೆಯಾಡಿಸಿದ ರೀತಿಯನ್ನು ನನಗೆ ತಡೆಯಲಾಗಲಿಲ್ಲ. ಎರಡು ಮೆಟ್ಟಿಲು ಹತ್ತಿದವಳು ತಿರುಗಿ ನಿಂತು, ಮನೆಯಲ್ಲಿ ಬೇಡಿಕೊಂಡರೂ ಬಾಯಿಗೆ ಬರದ ಶುದ್ಧ ಕನ್ನಡದಲ್ಲಿ ಹೇಳಿದಳು: "ಅಪ್ಪ, ಬೂಟು ಹೋದ್ರೆ ಹೋಗ್ಲಿ. ನೀನು ಬಾ."

ಹೋದೆ.

ಹತ್ತಿದ್ದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಮೊದಲ ಜಗಲಿಯವರೆಗೆ ಮೆಟ್ಟಿಲಿಗೊಮ್ಮೆ ತಿರುಗಿ ಬೂಟು ನೋಡಿದೆ. "ರೀ, ಮುಂದೆ ನೋಡ್ಕೊಂಡು ಹತ್ತಿ, ಬಿದ್ರೆ ಬೂಟು ಹಾಕ್ಕೊಳ್ಳೋಕೆ ಕಾಲಿರಲ್ಲ" ಎಂದಳು ವೀಣಾ. ಎರಡನೆಯ ಜಗಲಿಯಲ್ಲಿ ಗೋಡೆಯ ತುಂಬ ಕೆತ್ತನೆ. ಎಲ್ಮರ್ ಸೂರ್ಯನ ಮುಖವನ್ನೂ ಚಂದ್ರನ ಗುರುತನ್ನೂ ತೋರಿಸುತ್ತಿದ್ದರೆ ನಾನು ಕೆಳಗಿನ ಆರು ಕಂದು ಚುಕ್ಕೆಗಳನ್ನು ಎಣಿಸಿಕೊಂಡೆ. ಕೊನೆಯ ಮೆಟ್ಟಿಲುಗಳು ನಮ್ಮ ಅಟ್ಟದವೇ. ಅರ್ಧ ಪಾದ ಕಲ್ಲಿನ ಮೇಲೆ, ಅರ್ಧ ಗಾಳಿಯಲ್ಲಿ. ಕಾಲಿಗೆ ದಾರಿ ಗೊತ್ತಿತ್ತು. ಪಕ್ಕದಲ್ಲಿ ಏದುಸಿರು ಬಿಡುತ್ತಿದ್ದ ಒಬ್ಬ ತರುಣನನ್ನು ನಾನು ಹಿಂದೆ ಹಾಕಿದೆ ಎಂಬುದನ್ನು ಇಲ್ಲಿ ಬರೆದಿಡದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ.

ಮೇಲೆ ಗಾಳಿಯಿತ್ತು. ನಾಲ್ಕೂ ದಿಕ್ಕಿಗೆ ಕಾಡು, ಹಸಿರು ಕಂಬಳಿ ಹಾಸಿದ ಹಾಗೆ, ಅದರಾಚೆ ಇನ್ನೊಂದು ದೇಶದ ಗುಡ್ಡಗಳು. ಫೋಟೋ ತೆಗೆಸಿಕೊಂಡು ತಕ್ಷಣ ಇಳಿಯೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ವೀಣಾ, "ದೇವಸ್ಥಾನಕ್ಕೆ ಬಂದು ಹಾಗೇ ಹೋಗ್ಬಾರದು, ಸ್ವಲ್ಪ ಹೊತ್ತು ಕೂತು ಹೋಗೋಣ" ಎಂದು ಗುಡಿಯ ನೆರಳಿನಲ್ಲಿ ಕೂತೇಬಿಟ್ಟಳು. ನಾನೂ ಕೂತೆ. ಇಂಚರ ಬಂದು ನನ್ನ ಪಕ್ಕ ಕೂತು, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಕಾಲು ಚಾಚಿ, ತಲೆಯನ್ನು ನನ್ನ ಭುಜಕ್ಕೆ ಒರಗಿಸಿದಳು. ಹದಿನೈದರ ಮಗಳು ಹಾಗೆ ಒರಗಿದಾಗ ಅಪ್ಪನಾದವನು ಉಸಿರಾಡುವುದನ್ನೂ ಹುಷಾರಾಗಿ ಮಾಡಬೇಕು. ಅವಳು ಗೆಳತಿಯರ ಬಗ್ಗೆ, ಶಾಲೆಯ ಬಗ್ಗೆ, ಬರುವ ವರ್ಷದ ಬಗ್ಗೆ ಏನೇನೋ ಹೇಳಿದಳು, ಅರ್ಧ ಡಚ್ಚು, ಅರ್ಧ ಇಂಗ್ಲಿಷು. ನಾನು ಹೂಂ ಹೂಂ ಎಂದೆ. ಅರ್ಧ ಗಂಟೆ ಹಾಗೆ ಕೂತಿದ್ದೆವು. ಆ ಅರ್ಧ ಗಂಟೆ ನಾನು ಯಾವುದರ ಬಗ್ಗೆಯೂ ಯೋಚಿಸಲಿಲ್ಲ. ಅಟ್ಟದ ನಲ್ಲಿ ನೆನಪಾಗಲಿಲ್ಲ, ಹಾವು ನೆನಪಾಗಲಿಲ್ಲ. ಬೂಟು ನೆನಪಾಗಲೇ ಇಲ್ಲ.

ಎದ್ದು ನಿಂತ ಮೇಲೆ ಎಲ್ಮರ್ ನಮ್ಮ ಮೂವರ ಫೋಟೋ ತೆಗೆದರು. ಇಳಿಯುವಾಗ ನಾನು ಮನೆಯ ಪದ್ಧತಿಯಂತೆ ಹಿಮ್ಮುಖವಾಗಿ, ಗುಡಿಯ ಕಡೆ ಮುಖ ಮಾಡಿ, ಒಂದೊಂದೇ ಕಾಲಿಟ್ಟು ಇಳಿದೆ. ಕೆಳಗಿನಿಂದ ಹತ್ತುತ್ತಿದ್ದ ಗುಂಪು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಅವರು ಮಾತಾಡುತ್ತಿದ್ದುದು ಡಚ್ಚು. ಜಗತ್ತಿನ ಯಾವ ಕಾಡಿಗೆ ಹೋದರೂ ನಿವೃತ್ತರಾದ ಡಚ್ಚರ ಒಂದು ಬಸ್ಸು ಇದ್ದೇ ಇರುತ್ತದೆ. "ದೇವರಿಗೆ ಬೆನ್ನು ತೋರಿಸಬಾರದಂತೆ" ಎಂದು ಒಬ್ಬಾಕೆ ಇನ್ನೊಬ್ಬರಿಗೆ ಪಿಸುಮಾತಿನಲ್ಲಿ ವಿವರಿಸುತ್ತಿದ್ದರು. ಆಮೇಲೆ ನೋಡಿದರೆ ಅವರಲ್ಲಿ ನಾಲ್ಕೈದು ಮಂದಿ ಹಿಮ್ಮುಖವಾಗಿ ಇಳಿಯುತ್ತಿದ್ದರು. ಎಲ್ಲರ ಕಾಲಲ್ಲೂ ಬರೀ ಕಾಲುಚೀಲ.

ಕೆಳಗೆ ಬಂದು ನೋಡುತ್ತೇನೆ, ನಾವು ಬಿಟ್ಟ ಮೂರು ಜೊತೆಯ ಪಕ್ಕದಲ್ಲಿ ನಲವತ್ತು ಜೊತೆ. ನಮ್ಮ ಬೂಟುಗಳನ್ನು ನೋಡಿ ಇದು ಇಲ್ಲಿಯ ನಿಯಮವೆಂದುಕೊಂಡ ಡಚ್ಚರು ಒಬ್ಬೊಬ್ಬರಾಗಿ ಬಿಟ್ಟು, ಸಾಲಾಗಿ, ಮೂತಿಗಳೆಲ್ಲ ಒಂದೇ ದಿಕ್ಕಿಗೆ ಬರುವಂತೆ ಜೋಡಿಸಿಟ್ಟಿದ್ದರು. ನನ್ನ ಕಣ್ಣು ತುಂಬಿ ಬಂತು. ಇಷ್ಟು ಶಿಸ್ತಿನ ಚಪ್ಪಲಿ ಸಾಲನ್ನು ನಾನು ನಂಜನಗೂಡಿನಲ್ಲೂ ಕಂಡಿಲ್ಲ. ನನ್ನ ಜೊತೆ ಬಿಟ್ಟಲ್ಲೇ ಇತ್ತು. ಹಾಕಿಕೊಂಡೆ. ಬಲಗಾಲಿನದು ಸ್ವಲ್ಪ ಸಡಿಲವೆನಿಸಿತು.

ಎರಡು ದಿನ ನಾನು ಯಾರಿಗೂ ಹೇಳಲಿಲ್ಲ. ಒಂದೇ ಕಾಲು ಸಣ್ಣದಾಗುತ್ತಾ ಬರುವ ರೋಗ ಯಾವುದಿರಬಹುದೆಂದು ಫೋನಿನಲ್ಲಿ ಓದುತ್ತಿದ್ದೆ. ಮೂರನೆಯ ದಿನ ತಡೆಯಲಾರದೆ ವೀಣಾಳಿಗೆ ಹೇಳಿದೆ. ಅವಳು ಎರಡೂ ಬೂಟುಗಳನ್ನು ತಿರುಗಿಸಿ ತಳ ನೋಡಿದಳು. "ರೀ, ಎಡಗಡೇದು ಸೈಜು ನಲವತ್ತೆರಡು, ಬಲಗಡೇದು ನಲವತ್ತಮೂರು. ನಿಮ್ಮ ಕಾಲು ಕಲ್ಲುಗುಂಡಿನ ಹಾಗಿದೆ." ಒಳಗೆ ಕೈಹಾಕಿದರೆ ಮೆತ್ತನೆಯ ಒಂದು ಒಳತಳ, ಹಿಮ್ಮಡಿಯ ಕಡೆ ಉಬ್ಬಾಗಿ, ಯಾರದೋ ಪಾದಕ್ಕೆಂದೇ ಅಳತೆ ಕೊಟ್ಟು ಮಾಡಿಸಿದ್ದು. ಅದರ ಮೇಲೆ ಮಾಸದ ಶಾಯಿಯಲ್ಲಿ ಹೆಸರು: ಹೆಂಕ್. ಆ ಡಚ್ಚರ ಗುಂಪಿನವನು, ನನ್ನ ಹಾಗೆಯೇ ಅದೇ ರಿಯಾಯಿತಿಯಲ್ಲಿ ಅದೇ ಬೂಟು ಕೊಂಡವನಿರಬೇಕು.

ನನ್ನ ಸಿದ್ಧಾಂತ ಸಾಬೀತಾಯಿತು ನೋಡಿ ಎಂದು ನಾನು ಮೇಜು ಕುಟ್ಟಿದೆ. ಚಿಂತಿಸಿದ್ದು ಒಂದೂ ಆಗಲಿಲ್ಲ; ಚಿಂತಿಸುವುದನ್ನು ಮರೆತ ಅರ್ಧ ಗಂಟೆಯಲ್ಲೇ ಬೂಟು ಅದಲುಬದಲಾಯಿತು. "ಸರಿ" ಎಂದಳು ವೀಣಾ. "ಮಂಡಿ ಹೇಗಿದೆ?"

ಅದನ್ನು ಅವಳು ಕೇಳಬಾರದಿತ್ತು. ಮಂಡಿ ಕಟಕಟ ಎನ್ನುವುದನ್ನು ನಿಲ್ಲಿಸಿ ಮೂರು ದಿನವಾಗಿತ್ತು. ವೆಲ್ಡ್‌ಹೋವನ್ನಿಗೆ ಮರಳಿ ಈಗ ಆರು ವಾರ. ಇನ್ನೂ ಕಟಕಟ ಎಂದಿಲ್ಲ. ಪ್ಯಾರಾಸಿಟಮಾಲ್ ಮಾಡದ್ದನ್ನು ಹೆಂಕ್ ಮಾಡಿದ್ದಾನೆ. ಆ ಪ್ರವಾಸದ ಬಸ್ಸಿನವರಿಗೆ ಫೋನ್ ಮಾಡಿದರೆ ಹುಡುಕಿಕೊಡುತ್ತಾರೆ ಎಂದು ಯೂಸ್ಟ್ ಹೇಳಿದ. ನಾಳೆ ಮಾಡುತ್ತೇನೆ ಎಂದೆ. ಅವತ್ತಿನಿಂದ ದಿನಾ ನಾಳೆಯೇ ಮಾಡುತ್ತಿದ್ದೇನೆ. ಈ ದೇಶದ ಯಾವುದೋ ಊರಿನಲ್ಲಿ ಒಬ್ಬ ಹಿರಿಯರು ಬಲಗಾಲಿಗೆ ನನ್ನ ಬಿಗಿಯಾದ ಬೂಟು ಹಾಕಿಕೊಂಡು, ಮಂಡಿ ಕಟಕಟ ಎನಿಸುತ್ತಾ ನಡೆಯುತ್ತಿರಬಹುದು ಎಂಬ ಚಿಂತೆ ನನ್ನನ್ನು ಬಿಟ್ಟಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಕಂದು ಬೂಟಿನ ಮುದುಕರು ಎದುರಾದರೆ ನಾನು ಹಾಲಿನ ಸಾಲಿನಿಂದ ಬ್ರೆಡ್ಡಿನ ಸಾಲಿಗೆ ಸರಿಯುತ್ತೇನೆ.

ಇಂಚರ ಆ ಫೋಟೋವನ್ನು ದೊಡ್ಡದು ಮಾಡಿಸಿ ಹಜಾರದ ಗೋಡೆಯ ನಟ್ಟನಡುವೆ ಹಾಕಿದ್ದಾಳೆ. ಮೂವರೂ ಇದ್ದೇವೆ, ಮೂವರ ಕಾಲಲ್ಲೂ ಕಾಲುಚೀಲ. ನನ್ನ ಮುಖದಲ್ಲಿ ಒಂದು ನಗು. ಅಷ್ಟು ನಿಶ್ಚಿಂತೆಯ ನಗು ನನ್ನದೇ ಎಂದು ನನಗೇ ಪಕ್ಕನೆ ನಂಬಿಕೆ ಬರುವುದಿಲ್ಲ. ನಮ್ಮ ಬೆನ್ನಹಿಂದೆ, ತೀರಾ ಕೆಳಗೆ, ಹುಲ್ಲಿನ ಅಂಚಿನಲ್ಲಿ ಇರುವೆಯಷ್ಟು ಚಿಕ್ಕದಾಗಿ ಬೂಟುಗಳ ಸಾಲು, ಅದರ ಮುಂದೆ, ಅರ್ಧ ಹತ್ತಿ ಎಲ್ಲರಿಗಿಂತ ಮೊದಲೇ ಇಳಿದು ಬಂದವನಿರಬೇಕು, ಯಾರೋ ಒಬ್ಬ ಬಗ್ಗಿದ್ದಾನೆ. ಮೊನ್ನೆ ಯೂಸ್ಟ್ ಕನ್ನಡಕ ಸರಿಮಾಡಿಕೊಂಡು ಅದರ ಹತ್ತಿರ ಹೋಗಿ, "ಇವನು ಅಲ್ಲಿ ಏನು ಮಾಡುತ್ತಿದ್ದಾನೆ?" ಎಂದು ಕೇಳಿದ. ನಾನು ಬಾಗಿಲ ಬಳಿ ಹೋಗಿ, ಬಲಗಾಲಿನ ಬೂಟನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು, "ದೇವರಿಗೆ ನಮಸ್ಕಾರ ಮಾಡ್ತಿದ್ದಾನೆ" ಎಂದೆ.